ಗೌರವ್ವನ ಬಾವಿಯ ಸೀಳು

೫ ಅಕ್ಟೋಬರ್ ೧೯೯೩

ಇವತ್ತೂ ಅಂಗಳದಲ್ಲೇ ಹಾಸಿಗೆ. ಭೂಕಂಪವಾಗಿ ವಾರ ಆಗುತ್ತ ಬಂತು, ಅಸಂಗಿಯಲ್ಲಿ ಒಬ್ಬರೂ ಮಾಳಿಗೆಯ ಕೆಳಗೆ ಮಲಗುತ್ತಿಲ್ಲ. ರೇಡಿಯೋದವರು ಕಿಲ್ಲಾರಿ ಕಡೆ ಸತ್ತವರ ಸುದ್ದಿ ಶುರು ಮಾಡಿದರೆ ಮಾವ ಅದರ ಕಿವಿ ತಿರುವಿ ಬಂದ್ ಮಾಡುತ್ತಾರೆ. ನಮ್ಮ ಮನೆಯಲ್ಲಿ ಬಿದ್ದು ಒಡೆದದ್ದು ಎರಡು ಗಡಿಗೆ ಮತ್ತು ನನ್ನ ಧೈರ್ಯ. ಧೈರ್ಯ ಮೊದಲೇ ಅಷ್ಟಕ್ಕಷ್ಟೇ ಇತ್ತು.

ಬರೆದರೆ ಎದೆ ಹಗುರಾಗುತ್ತದೆ ಎಂದು ಬಾಲಗಾಂವದ ಕನ್ನಡ ಸಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಬಾಯೋರು ಹೇಳುತ್ತಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ, ಊರು ಮಹಾರಾಷ್ಟ್ರದ್ದು, ಉಳಿದವರದೆಲ್ಲ ಮರಾಠಿ ಸಾಲೆ. ಹಾಗಾಗಿ ಇಲ್ಲಿ ಗಂಡನ ಹೆಸರನ್ನೂ ಬರೆಯಬಹುದು: ಅಮಜದ. ಬರೆದಾಯಿತು, ಇನ್ನು ಮೇಲೆ ‘ಇವರು’. ಹೆಸರು ನೋಡಿದರೆ ನನಗೇ ನಾಚಿಕೆ.

ಇವರ ಕೆಲಸ ಬಾವಿ ತೋಡುವಲ್ಲಿ ಕಲ್ಲಿಗೆ ತೂತು ಹೊಡೆದು, ಮದ್ದು ತುಂಬಿ ಸಿಡಿಸುವುದು. ಅಂಥ ಮನುಷ್ಯ ಅವತ್ತು ಬೆಳಗಿನ ಜಾವ ಗೋಡೆ ಅಲುಗಿದಾಗ ಚಾದರ ಒದ್ದು ಹೊರಗೆ ಓಡಿದರು. ನಾನು ಕತ್ತಲಲ್ಲಿ ಮಗಳು ಸನಾಳನ್ನು ತಡಕಾಡಿ ಎತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ನಿಂತುಹೋಗಿತ್ತು. ಇವರು ಅಂಗಳದಲ್ಲಿದ್ದರು. ನಮ್ಮಿಬ್ಬರನ್ನು ನೋಡಿ ತಲೆ ತಗ್ಗಿಸಿದರು. ಯಾಕೆ ಬಿಟ್ಟು ಓಡಿದಿರಿ ಎಂದು ನಾನು ಕೇಳಲಿಲ್ಲ. ನಿದ್ದೆಗಣ್ಣಲ್ಲಿ ಯಾರಾದರೂ ಓಡುತ್ತಾರೆ.

ಆದರೆ ಎದುರುಮನೆಯ ಮಲಕವ್ವನ ಬಾಯಿಗೆ ಅದು ಸಿಕ್ಕಿಬಿಟ್ಟಿತು. ಇವತ್ತು ನೀರಿನ ಪಾಳಿಯಲ್ಲಿ ಎಲ್ಲರೆದುರು, “ಅಮಜದಣ್ಣಾ, ಹೇಣ್ತಿ ಮಗಳನ್ನ ಗ್ವಾಡಿಗೆ ಒಪ್ಪಿಸಿ ಭಾಳ ಲಗೂನ ಹೊರಗ ಬಂದ್ರಲ್ರೀ!” ಎಂದಳು. ಎಲ್ಲರೂ ನಕ್ಕರು. ಇವರೂ ನಕ್ಕರು. ಊಟಕ್ಕೆ ಕೂತವರು ರೊಟ್ಟಿ ಮುರಿದು ಹಾಗೇ ಎದ್ದುಹೋದರು.

೧೦ ಅಕ್ಟೋಬರ್

ಅಡುಗೆಮನೆಯ ಗೋಡೆಯಲ್ಲಿ ಬಿರುಕು ಕಂಡಿದೆ. ಕಲ್ಲನ್ನು ಸೀಳಿಲ್ಲ. ಕಲ್ಲು ಬಂದಲ್ಲಿ ಪಕ್ಕಕ್ಕೆ ಸರಿದು, ನಡುವಿನ ಮಣ್ಣು ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿದೆ. ಎಷ್ಟು ಜಾಣ ಇದು ಎಂದು ನೋಡುತ್ತ ನಿಂತೆ, ಆಮೇಲೆ ಒಲೆಯ ಮುಂದಿನ ಮಣೆಯನ್ನು ಒಂದು ಮೊಳ ಈಚೆ ಸರಿಸಿದೆ. ರೊಟ್ಟಿ ತಟ್ಟುವಾಗ ಬೆನ್ನು ಆ ಗೋಡೆಯ ಕಡೆಗೇ ಇರುತ್ತದಲ್ಲ.

ಎಲ್ಲರ ಮನೆಯಲ್ಲೂ ಈಗ ಒಂದೇ ಉಪಾಯ: ಬಿರುಕಿನ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸುವುದು. ಬಿರುಕು ಬಿಚ್ಚಿದರೆ ಕಾಗದ ಹರಿಯುತ್ತದೆ, ಓಡಿ ಹೋಗಬಹುದು. ನಾನೂ ಹಿಟ್ಟಿನ ಅಂಟು ಕಾಸಿ ಅಂಟಿಸಿದೆ. ಅತ್ತೆ, “ಗ್ವಾಡಿಗೆ ಪಟ್ಟಿ ಕಟ್ಟಾಕ ಡಾಕ್ಟರ್ ಏನ ನೀ?” ಎಂದು ನಕ್ಕರು. ನಗಲಿ.

೧೧ ಅಕ್ಟೋಬರ್

ಕಾಗದ ಹರಿದಿತ್ತು! ಕಿರುಚಿ, ಸನಾಳನ್ನು ಬಗಲಿಗೆ ಹಾಕಿಕೊಂಡು ಓಣಿ ತುದಿಯವರೆಗೆ ಓಡಿದೆ. ಆಮೇಲೆ ನೋಡಿದರೆ ಸನಾಳ ಮುಷ್ಟಿಯಲ್ಲೇ ಅರ್ಧ ಕಾಗದ. ಹಿಟ್ಟಿನ ಅಂಟು ನೆಕ್ಕಲು ಕಿತ್ತಿದ್ದಾಳೆ ಕಳ್ಳಿ. ಓಣಿಗೆಲ್ಲ ನಗು ಹಂಚಿದ ಪುಣ್ಯ ನನ್ನದು.

೨ ಡಿಸೆಂಬರ್

ಬಹಳ ದಿನ ಬರೆಯಲಿಲ್ಲ. ಚಳಿಗೆ ಹೆದರಿ ಎಲ್ಲರೂ ಒಳಗೆ ಮಲಗಲು ಶುರು ಮಾಡಿದ್ದಾರೆ. ಭೂಮಿ ಅಲುಗಿದ ಮೇಲೆ ಮದ್ದು ಹಾರಿಸಲು ಯಾರೂ ಬಿಟ್ಟಿರಲಿಲ್ಲ, ಇವರು ಕೈಕಟ್ಟಿ ಕೂತಿದ್ದರು. ಇವತ್ತು ನಾನು ಅತ್ತೆ ಎಂದೇ ಕರೆಯುವ ಊರಿನ ಗೌರವ್ವತ್ತೆ ತಮ್ಮ ಮಗ ಶಿವಪುತ್ರನನ್ನು ಕರೆದುಕೊಂಡು ಮನೆಗೇ ಬಂದರು. ಅವರ ತೋಟದ ಬಾವಿಯ ತಳ ಇನ್ನೂ ಇಳಿಸಬೇಕಂತೆ, ಶಿವಪುತ್ರನಿಗೆ ದಾಳಿಂಬೆ ಹಚ್ಚುವ ಹುರುಪು.

“ಅಮಜದ, ನಿಮ್ಮಪ್ಪ ಬಾಬಾಲಾಲ ಈ ಬಾವಿ ಮೊದಲ ತೋಡಿದಾಂವ. ನೀನ ಇಳಸಬೇಕ ನೋಡಪಾ,” ಎಂದರು ಗೌರವ್ವತ್ತೆ.

ಇವರು ಹೂಂ ಅಂದರು. ನಾನು ಚಹಾ ಕೊಡುತ್ತ ಇವರ ಮುಖ ನೋಡಿದೆ. ಖುಷಿಯ ಮುಖ ಅಲ್ಲ ಅದು.

೧೨ ಡಿಸೆಂಬರ್

ಬುತ್ತಿ ಕೊಡಲು ಬಾವಿಗೆ ಹೋಗಿದ್ದೆ. ಅಯ್ಯೋ, ಯಾಕಾದರೂ ಇಣುಕಿದೆನೋ! ಅರ್ಧದವರೆಗೆ ಕೊರೆದ ಮೆಟ್ಟಿಲು, ಅಲ್ಲಿಂದ ಕೆಳಗೆ ನಿಚ್ಚಣಿಕೆ. ಇವರು ತಳದಲ್ಲಿ ಬೊಂಬೆಯಷ್ಟು ಕಾಣುತ್ತಿದ್ದರು. ಪಡುವಣ ಬದಿಯ ಕರಿಕಲ್ಲಿನಲ್ಲಿ ಒಂದು ಬಿಳಿ ಎಳೆ ಓರೆಯಾಗಿ ಇಳಿದಿದೆ, ನನ್ನ ಹೆಬ್ಬೆರಳಷ್ಟು ದಪ್ಪ. ಅದರ ಮೇಲೆ ಒಂದು ಬಂಡೆ ಮುಂದಕ್ಕೆ ಚಾಚಿ ಕೂತಿದೆ, ನಮ್ಮ ಅಡುಗೆಮನೆಗಿಂತ ದೊಡ್ಡದು. ಆ ಎಳೆ ಬಿಟ್ಟರೆ ಬಂಡೆಗೆ ಬೇರೆ ಆಧಾರವೇ ಕಾಣಲಿಲ್ಲ.

ಊಟಕ್ಕೆ ಮೇಲೆ ಬಂದಾಗ ಕೇಳಿದೆ. ಇವರು ಒಣಗಿ ಗಟ್ಟಿಯಾದ ಕಟಕ ರೊಟ್ಟಿಯೊಂದನ್ನು ಎತ್ತಿ ಹಿಡಿದು ನಡುವೆ ಬೆರಳಿನಿಂದ ಕುಟ್ಟಿದರು. ರೊಟ್ಟಿ ಕುಟ್ಟಿದಲ್ಲಿ ಒಡೆಯಲಿಲ್ಲ, ತಟ್ಟುವಾಗ ಅಂಚಿನಲ್ಲಿ ತೆಳುವಾಗಿದ್ದ ಕಡೆ ಮುರಿಯಿತು.

“ನಾವು ತೂತು ಎಲ್ಲೆರ ಹೊಡೀಲಿ, ಕಲ್ಲು ಮೊದಲ ಎಲ್ಲಿ ಸೋತಿರತೈತಿ ಅಲ್ಲೇ ಬಿಡತೈತಿ,” ಎಂದರು. “ಬಾಯಿ ತೆರದ ಸೀಳು ಇದ್ರ ಮದ್ದಿನ ಹೊಡತ ಅಲ್ಲಿಗೇ ಬಂದು ನಿಲ್ಲತೈತಿ, ದಾಟೂದಿಲ್ಲ. ಆದ್ರ ಇಂಥ ಮೆತ್ತಗಿನ ಎಳಿ ಇದ್ರ, ಅದರಾಗ ಹೊಕ್ಕು ಅದನ್ನ ಹಿಡಕೊಂಡ ಓಡತೈತಿ. ಎಲ್ಲಿತನಕ ಹೋಗತೈತೋ ಅಲ್ಲಾನ ಬಲ್ಲ.”

“ಹಂಗಾರ ಆ ಬಂಡಿ?”

“ಮೂಡಣ ಮೂಲ್ಯಾಗಿಂದ ಸಣ್ಣ ಸಣ್ಣ ಮದ್ದು ಇಟ್ಕೊಂತ ಬರತೀನಿ. ಎಳಿ ಹಂತೇಕ ಹೋಗೂದ ಬ್ಯಾಡ. ನೀ ಊಟಾ ಬಡಸ.”

ದೂರ ಇರುತ್ತೇನೆ ಅಂದರು. ಅಷ್ಟು ಸಾಕು ನನಗೆ.

೧೯ ಡಿಸೆಂಬರ್

ಇವರ ಕೈ ನಡುಗುತ್ತಿದೆ. ಬೀಡಿ ಹಚ್ಚಲು ಕಡ್ಡಿ ಮೇಲೆ ಕಡ್ಡಿ ಗೀರಿದರು. ಚಳಿ ಎಂದರು. ಮಧ್ಯಾಹ್ನದ ಬಿಸಿಲಲ್ಲಿ ಎಂಥ ಚಳಿ? ಬತ್ತಿ ಹಚ್ಚುವ ಕೈ ಇದು. ಮಾವನಿಗೆ ಹೇಳಲೇ ಎಂದುಕೊಂಡೆ, ಹೇಳಲಿಲ್ಲ. ಹೇಳಿದರೆ ಇವರಿಗೆ ಇನ್ನೂ ಒಂದು ಮುಖದೆದುರು ತಲೆ ತಗ್ಗಿಸುವ ಹಾಗಾಗುತ್ತದೆ.

ಬಾವಿಯಿಂದ ಬೇರೆ ಸುದ್ದಿ. ಬಿಳಿ ಎಳೆಯಿಂದ ನೀರು ಜಿನುಗಲು ಶುರುವಾಗಿದೆ! ಶಿವಪುತ್ರ ಕುಣಿಯುತ್ತಿದ್ದಾನಂತೆ. ಸೆಲೆಯ ಬಾಯಿ ಅಲ್ಲೇ ಇದೆ, ಮದ್ದು ಅಲ್ಲೇ ಇಡಬೇಕು ಎಂದು ಹಠ. ನಮ್ಮ ಕಡೆಯ ಬಾವಿ ತೋಡುವವರಿಗೆಲ್ಲ ಇದೊಂದು ಹುಚ್ಚು. ಹನಿ ಕಂಡಲ್ಲಿ ಕಣ್ಣು ಮುಚ್ಚಿ ಮದ್ದು ತುರುಕುತ್ತಾರೆ, ಬಾಯಿ ದೊಡ್ಡದಾದರೆ ನೀರು ಧುಮುಕುತ್ತದೆ ಅಂತ.

“ಆಗೂದಿಲ್ಲ ಅಂತ ಹೇಳಬೇಕಿಲ್ರೀ,” ಅಂದೆ.

“ಹೇಳಿದ್ರ ಏನಂತಾರ? ಅಮಜದ ಅಂಜಿದ ಅಂತಾರ.”

“ಅಂದ್ರ ಅಂದ್ರು.”

“ಒಮ್ಮಿ ಅಂದದ್ದ ಸಾಕಾಗೇತಿ,” ಎಂದು ಚಾದರ ಹೊದ್ದು ಗೋಡೆ ಕಡೆ ತಿರುಗಿದರು.

೨೦ ಡಿಸೆಂಬರ್

ಗೌರವ್ವತ್ತೆಗೆ ನಾನೇ ಹೇಳಿಬಿಡೋಣ ಎಂದು ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೊಸ್ತಿಲಲ್ಲಿ ನಿಂತ ಕೂಡಲೇ ಎಲ್ಲ ಮರೆತುಹೋಯಿತು. “ಏನ ಬಂದೆವ್ವಾ ಇಸ್ಮತ?” ಎಂದರು. “ಸ್ವಲ್ಪ ಮಜ್ಜಿಗಿ ಬೇಕಾಗಿತ್ತರಿ,” ಅಂದೆ. ಮನೆಯಲ್ಲಿ ಮಜ್ಜಿಗೆ ಇತ್ತು. ತಂಬಿಗೆಯನ್ನೂ ಒಯ್ದಿರಲಿಲ್ಲ, ಅವರದೇ ತಂಬಿಗೆ ತಂದೆ. ಥೂ ನನ್ನ ಜನ್ಮಕ್ಕೆ!

೨೧ ಡಿಸೆಂಬರ್

ತಂಬಿಗೆ ವಾಪಸು ಕೊಡುವ ನೆಪ ಇತ್ತಲ್ಲ, ಮತ್ತೆ ಹೋದೆ. ಈ ಸಲ ಒಂದೇ ಉಸಿರಿನಲ್ಲಿ ಹೇಳಿದೆ: ಎಳೆಯಲ್ಲಿ ಮದ್ದು ಇಟ್ಟರೆ ಸಿಡಿತ ಎಳೆಯನ್ನೇ ಹಿಡಿದು ಓಡುತ್ತದೆ, ಮೇಲಿನ ಬಂಡೆಗೆ ಬೇರೆ ಆಧಾರವಿಲ್ಲ, ಯಾರಾದರೂ ಅದರ ಕೆಳಗೆ ಇರುತ್ತಾರೆ.

ಗೌರವ್ವತ್ತೆ ಬೀಸುವುದನ್ನು ನಿಲ್ಲಿಸಿ ಕೇಳಿದರು. ಒಳ್ಳೆಯ ಹೆಣ್ಣುಮಗಳು. “ಹಂಗಾರ ಅಮಜದನ್ನ ಕೇಳೂಣ ನಡಿ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ಎಳೆದುಕೊಂಡೇ ಬಾವಿಗೆ ನಡೆದರು. ಬೇಡ ಬೇಡ ಅಂದರೂ ಕೇಳಲಿಲ್ಲ. ಅಲ್ಲಿ ಶಿವಪುತ್ರ, ಕಲ್ಲುಮಣ್ಣು ಮೇಲೆತ್ತುವ ಯಾರಿ ಯಂತ್ರದ ಸೋಮನಿಂಗಪ್ಪ, ಆಳುಮಕ್ಕಳು ಎಲ್ಲ ಇದ್ದರು. ಅವರೆಲ್ಲರೆದುರು ಗೌರವ್ವತ್ತೆ ಕೇಳಿದರು: “ಅಮಜದ, ಆ ಎಳಿಯಾಗ ಮದ್ದು ಇಡಾಕ ನಿನಗ ಅಂಜಿಕಿ ಐತೇನಪಾ? ಖರೇ ಹೇಳ. ನಿನ್ನ ಹೇಣ್ತಿ ಅಂತಾಳ.”

ಆಳುಮಕ್ಕಳು ಕೆಲಸ ಬಿಟ್ಟು ಇವರ ಕಡೆ ತಿರುಗಿದರು. ಆಮೇಲೆ ಯಾರೋ ಒಬ್ಬ ಹಲ್ಲು ಕಿಸಿದ.

“ಇಕಿ ಮಾತ ಏನ ಕೇಳತೀರಿ ಗೌರವ್ವಾರ! ಗ್ವಾಡಿಗೆ ಕಾಗದ ಹಚ್ಚಿ ಓಣಿ ತುಂಬ ಓಡಿದಾಕಿ ಇಕಿ,” ಎಂದು ಇವರು ಜೋರಾಗಿ ನಕ್ಕರು. “ಎಳಿಯಾಗನ ಇಡತೀನಿ. ಶುಕ್ರವಾರ ನಮಾಜ ಮುಗಿಸಿ ಬಂದು ಹಾರಸತೀನಿ.”

ಹಿಂದೆ ಸರಿಯಲು ಇವರಿಗೊಂದು ಬಾಗಿಲು ತೆರೆದಿತ್ತು, ನಾನೇ ಹೋಗಿ ಚಿಲಕ ಹಾಕಿ ಬಂದೆ. ಸುಮ್ಮನೆ ಮಜ್ಜಿಗೆ ಕುಡಿದು ಮನೆಯಲ್ಲಿ ಬಿದ್ದಿರಬಾರದಿತ್ತೇ? ಸಂಜೆ ಇವರು ಬಂದು ನನ್ನ ಜೊತೆ ಮಾತಾಡಲಿಲ್ಲ. ಸನಾಳ ಜೊತೆಗೂ ಇಲ್ಲ.

೨೩ ಡಿಸೆಂಬರ್

ನಾಳೆ. ಎಳೆಯುದ್ದಕ್ಕೂ ತೂತು ಹೊಡೆದಾಗಿದೆಯಂತೆ. ಮೆತ್ತಗಿತ್ತು, ಲಗು ಲಗು ಇಳಿಯಿತು ಎಂದು ಸೋಮನಿಂಗಪ್ಪ ಮಾವನೆದುರು ಹೇಳುತ್ತಿದ್ದ. ಮೆತ್ತಗಿದ್ದದ್ದಕ್ಕೇ ನನ್ನ ಹೆದರಿಕೆ ಎಂದು ಯಾರಿಗೆ ಹೇಳಲಿ? ಮಾವ ಏನೋ ಅನ್ನಲು ಬಾಯಿ ತೆರೆದರು, ಮಗನ ಮುಖ ನೋಡಿ ಎದ್ದು ಹೊರಗೆ ಹೋದರು.

ಯಾ ಅಲ್ಲಾ, ಇವರನ್ನು ಮೇಲೆ ತಂದುಕೊಡು. ಮಾತು ಬಿಟ್ಟರೂ ಸರಿ, ಜನ್ಮಪೂರ್ತಿ ಬಿಟ್ಟರೂ ಸರಿ.

೨೪ ಡಿಸೆಂಬರ್

ಬೆರಳು ಸೆಟೆದಿವೆ, ಆದರೂ ಬರೆಯುತ್ತೇನೆ.

ಮನೆಯಲ್ಲಿ ಕೂರಲಾಗಲಿಲ್ಲ. ಸನಾಳನ್ನು ಅತ್ತೆಯ ಮಡಿಲಿಗೆ ಹಾಕಿ ಬಾವಿಗೆ ಹೋದೆ. ಗೌರವ್ವತ್ತೆ ಕಾಯಿ ಒಡೆದರು, ಇವರು ಬಿಸ್ಮಿಲ್ಲಾ ಅಂದರು, ಎಲ್ಲರ ಕೈಗೂ ಸಕ್ಕರೆ ಹಾಕಿದರು. ನನಗೂ ಹಾಕಿದರು, ಮುಖ ನೋಡದೆ. ಆಮೇಲೆ ಎಲ್ಲರೂ ಬೇವಿನ ಗಿಡದ ಆಚೆ ಸರಿದೆವು. ಇವರು ಇಳಿದು ಬತ್ತಿ ಹಚ್ಚಿ, ಮೆಟ್ಟಿಲು ಹಾರುತ್ತ ಮೇಲೆ ಬಂದು ನಮ್ಮ ಜೊತೆ ನೆಲಕ್ಕೆ ಕವುಚಿ ಬಿದ್ದರು. “ಹಾರತೈತೋ, ಸರೀರಿ!” ಎಂದು ಸೋಮನಿಂಗಪ್ಪ ಕೂಗಿದ.

ಸದ್ದು ಬಂತು. ಆದರೆ ಯಾವಾಗಿನ ಸದ್ದಲ್ಲ. ಕಲ್ಲು ಮೇಲೆ ಹಾರಲೇ ಇಲ್ಲ. ಕೆಳಗೆ ಏನೋ ಗುಡುಗಿ ಪಕ್ಕಕ್ಕೆ ಹೋಯಿತು. ನನ್ನ ಎದೆಯ ಕೆಳಗಿನ ನೆಲ ಅಲುಗಿತು, ಬಾವಿಯಿಂದ ಬಹಳ ದೂರ, ಜೋಳದ ಹೊಲದ ಬದುವಿನಲ್ಲಿ ಧೂಳು ಬುಸ್ಸೆಂದು ಎದ್ದಿತು. ಅಲ್ಲಿ ಮದ್ದನ್ನೇ ಇಟ್ಟಿರಲಿಲ್ಲ. ಇವರ ಮುಖ ಬೂದಿಯಾಗಿತ್ತು.

ಹೊಗೆ ಹೋದ ಮೇಲೆ ಬತ್ತಿ ಹಚ್ಚಿದವನೇ ಮೊದಲು ಇಳಿಯಬೇಕು. ಎಲ್ಲ ನೋಡಿ ಅವನು ತಳದಿಂದ “ಬರ್ರೋ” ಎಂದು ಕೂಗುವವರೆಗೆ ಇನ್ನೊಬ್ಬ ಮೆಟ್ಟಿಲಿಗೆ ಕಾಲಿಡಬಾರದು. ನಮ್ಮಲ್ಲಿ ಬಾವಿ ತೋಡುವವರ ರೀತಿ ಇದು, ಯಾರೂ ಮುರಿಯುವುದಿಲ್ಲ. ಇವರು ಇಳಿದರು. ನಾವು ಕಾದೆವು. ಕೂಗು ಬರಲಿಲ್ಲ.

ಕಾದೆವು, ಕಾದೆವು. ಸೋಮನಿಂಗಪ್ಪ ಒಮ್ಮೆ ಬಗ್ಗಿ, “ಅಮಜದಣ್ಣಾ!” ಎಂದ. ಉತ್ತರವಿಲ್ಲ. ಶಿವಪುತ್ರನ ಬಾಯಿ ಒಣಗಿತ್ತು. “ನೋಡಾಕ ಹತ್ತಿರಬೇಕು, ಕರೀಲಿ ತಡೀರಿ,” ಎಂದ. ಎಲ್ಲರೂ ತಡೆದರು. ಆಗ ಕೆಳಗಿನಿಂದ ಚೂರು ಕಲ್ಲು ಉದುರುವ ಸದ್ದು ಬಂತು, ಜರಡಿ ಹಿಡಿದ ಹಾಗೆ, ನಿಂತು ನಿಂತು.

ನಾನು ಇಣುಕಿದೆ. ಬಿಳಿ ಎಳೆ ಇದ್ದಲ್ಲಿ ಈಗ ಕಪ್ಪು ಸಂದು, ಕೈ ಹೋಗುವಷ್ಟು ಅಗಲ. ಬಂಡೆ ಮುಂದಕ್ಕೆ ಬಾಗಿದೆ. ಇವರು ಸರಿಯಾಗಿ ಅದರ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ, ಎರಡೂ ಅಂಗೈಗಳನ್ನು ಕಲ್ಲಿಗೆ ಒತ್ತಿಕೊಂಡು. ಅದನ್ನು ಇವರೇ ಹಿಡಿದು ನಿಲ್ಲಿಸಿದ್ದಾರೇನೋ ಅನ್ನುವ ಹಾಗೆ.

ಚಪ್ಪಲಿ ಯಾವಾಗ ಬಿಟ್ಟೆ ಗೊತ್ತಿಲ್ಲ. ಹಿಂದಿನಿಂದ ಯಾರೋ “ಹೇ ಹೇ, ಇನ್ನೂ ಕರದಿಲ್ಲ!” ಎಂದು ಕೂಗಿದರು. ಮೆಟ್ಟಿಲು ಮುಗಿದವು. ನಿಚ್ಚಣಿಕೆಯಲ್ಲಿ ಸೀರೆ ಕಾಲಿಗೆ ಸಿಕ್ಕಿತು, ಹಲ್ಲಿನಲ್ಲಿ ಕಚ್ಚಿಕೊಂಡೆ. ಮದ್ದಿನ ವಾಸನೆಗೆ ಕಣ್ಣು ಉರಿಯಿತು. ಚೂರುಗಳು ತಲೆಯ ಮೇಲೆ ಬೀಳುತ್ತಿದ್ದವು.

“ಏಳ್ರಿ,” ಅಂದೆ. ಕೇಳಿಸಲಿಲ್ಲ ಇವರಿಗೆ. ಭುಜ ಹಿಡಿದು ಅಲುಗಿಸಿದೆ. ಕಣ್ಣು ತೆರೆದೇ ಇದ್ದವು, ನಾನು ಮಾತ್ರ ಅವುಗಳಲ್ಲಿ ಇರಲಿಲ್ಲ. “ಏಳ್ರಿ, ಬೀಳತೈತಿ!” ಎಂದು ಬೈದೆ, ಎಳೆದೆ. ಊಹೂಂ. ಎಳೆದಷ್ಟೂ ಕಲ್ಲಿಗೆ ಇನ್ನೂ ಅಂಟಿಕೊಂಡರು.

ಆಗ ನನ್ನ ಕಾಲು ಹೋದವು. ಪಕ್ಕದಲ್ಲೇ ಕುಸಿದು ಕೂತೆ. ತಲೆಯ ಮೇಲೆ ಬಂಡೆ, ಕಿವಿಯ ಹತ್ತಿರ ಅದು ಕಟಕಟ ಅನ್ನುವುದು. ಇವರ ತೋಳು ಹಿಡಿದು, “ನನಗ ಅಂಜಿಕಿ ಆಗೇತ್ರಿ. ನನ್ನ ಮ್ಯಾಲ ಕರಕೊಂಡ ಹೋಗ್ರಿ,” ಅಂದೆ.

ಇವರು ತಿರುಗಿ ನೋಡಿದರು. ಈಗಷ್ಟೇ ನನ್ನನ್ನು ಕಂಡವರ ಹಾಗೆ ನೋಡಿದರು.

“ನೀ ಯಾಕ ಬಂದಿ ಇಲ್ಲಿ? ತಲಿ ಕೆಟ್ಟೇತೇನ ನಿಂದು? ಏಳ, ಏಳ ಮೊದಲ!”

ಕಲ್ಲಿನಿಂದ ಕೈ ತೆಗೆದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನಿಚ್ಚಣಿಕೆಗೆ ನನ್ನನ್ನು ಮೊದಲು ಹತ್ತಿಸಿದರು. ಹಿಂದೆಯೇ ಬಂದರು, ನನ್ನ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಗೆ ಇಡುತ್ತ. “ಕೆಳಗ ನೋಡಬ್ಯಾಡ. ನಾ ಅದೀನಿ. ಕೆಳಗ ನೋಡಬ್ಯಾಡ,” ಎನ್ನುತ್ತಲೇ ಇದ್ದರು. ಕೈ ನಡುಗುತ್ತಿರಲಿಲ್ಲ.

ಬೇವಿನ ನೆರಳಿಗೆ ಬಂದು ಗೌರವ್ವತ್ತೆ ಕೊಟ್ಟ ನೀರು ಬಾಯಿಗಿಟ್ಟಿದ್ದೆ, ಹಿಂದೆ ಬಂಡೆ ಹೋಯಿತು. ನಿಚ್ಚಣಿಕೆಯನ್ನೂ ತೆಗೆದುಕೊಂಡು ಹೋಯಿತು. ಶಿವಪುತ್ರ ಮಣ್ಣಿನಲ್ಲೇ ಕೂತುಬಿಟ್ಟ.

೨೫ ಡಿಸೆಂಬರ್

ಇಡೀ ದಿನ ಮಲಗಿದ್ದೆ. ಅತ್ತೆಯೇ ರೊಟ್ಟಿ ಮಾಡಿದರು. ಮಧ್ಯಾಹ್ನ ಹಲ್ಲಿ ಮೈಮೇಲೆ ಬಿದ್ದಿತೆಂದು ಕಿರುಚಿ ಮನೆಯೆಲ್ಲ ಎಬ್ಬಿಸಿದೆ. ಇದೆಂಥ ಅಂಜುಬುರುಕ ಬಾಳೋ ನನ್ನದು. ಯಾವಾಗ ಸುಧಾರಿಸುತ್ತೇನೋ.

೨೭ ಡಿಸೆಂಬರ್

ಇವತ್ತು ನಮ್ಮ ಮನೆಯ ಕಟ್ಟೆಯ ಮೇಲೆ ಜನ ಸೇರಿದ್ದರು. ಮಲಕವ್ವ, ಸೋಮನಿಂಗಪ್ಪ, ಗೌರವ್ವತ್ತೆ, ಶಿವಪುತ್ರ. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು. ಕೆಳಗೆ ಏನಾಯಿತು ಹೇಳಿ ಎಂದು ಮಲಕವ್ವ ಗಂಟು ಬಿದ್ದಿದ್ದಳು.

“ಏನಾಗೂದೈತಿ? ನಾ ಕೆಳಗ ಬಂಡಿ ತಪಾಸ ಮಾಡಾಕ ಹತ್ತಿದ್ದೆ,” ಎಂದರು ಇವರು. “ನಾ ಕರಿಯೂದರಾಗ ಇಕಿ ಇಳದ ಬಂದ್ಲು. ಬಂದಾಕಿ ಬಂಡಿ ನೋಡಿ ಅಲ್ಲೇ ಕುಸದ ಕುಂತ್ಲು, ಕಾಲು ಥರಥರ. ಅಂಜಿಕಿ ಆಗೇತಿ, ಕರಕೊಂಡ ಹೋಗ್ರಿ ಅಂತ ಅಳಾಕ ಹತ್ತಿದ್ಲು. ಇಕಿನ್ನ ಮ್ಯಾಲ ತರೂದರಾಗ ನನ್ನ ಜೀವಾ ಹೋತ ನೋಡ್ರಿ!”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. “ಹೇಣ್ತಿ ಜೀವಾ ಉಳಿಸಿದಿ ಬಿಡಪಾ,” ಎಂದ ಸೋಮನಿಂಗಪ್ಪ. ಮಲಕವ್ವ ಕೂಡ ಹೌದು ಹೌದು ಅಂದಳು. ನಾನು ಚಹಾ ತಂದು ಕೊಟ್ಟೆ. ಗೌರವ್ವತ್ತೆಯೊಬ್ಬರೇ ನಕ್ಕಿರಲಿಲ್ಲ, ಬಟ್ಟಲು ತೆಗೆದುಕೊಳ್ಳುವಾಗ ನನ್ನ ಮುಖವನ್ನೇ ನೋಡಿದರು. “ಹೌದೇನ ಇಸ್ಮತ?”

“ಹೌದ್ರಿ ಅತ್ತಿ. ಕಾಲಾಗ ಜೀವಾನ ಇರಲಿಲ್ಲರಿ,” ಅಂದೆ. ಅಳುತ್ತಿರಲಿಲ್ಲ ಅನ್ನುವುದೊಂದು ಬಿಟ್ಟರೆ ಇವರು ನನ್ನ ಬಗ್ಗೆ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

ಆಮೇಲೆ ಶಿವಪುತ್ರ ಮೆಲ್ಲಗೆ ಮಾತು ತೆಗೆದ. ಬಂಡೆ ಕಳಚಿದ ಜಾಗದಲ್ಲಿ ಎಳೆ ಇನ್ನೂ ಒಳಗೆ ಹೋಗಿದ್ದು ಕಾಣುತ್ತದಂತೆ, ನೀರೂ ಸ್ವಲ್ಪ ಹೆಚ್ಚಾಗಿದೆಯಂತೆ, ಅಲ್ಲೇ ಇನ್ನೊಂದು ಸಲ ಸಣ್ಣದಾಗಿ...

ನನ್ನ ಕೈಯ ತಟ್ಟೆ ಕಟಕಟ ಅಂದಿತು. ಇವರು ನನ್ನ ಕಡೆ ನೋಡಿದರು, ಶಿವಪುತ್ರನ ಕಡೆ ನೋಡಿದರು. ಬಟ್ಟಲು ಕೆಳಗಿಟ್ಟು, ಯಾರಿಗೂ ಹೆದರದ ದನಿಯಲ್ಲಿ ಹೇಳಿದರು:

“ಎಳಿಯಾಗ ಇನ್ನ ಮದ್ದು ಇಡೂದಿಲ್ಲ ತಮ್ಮಾ. ನಿಮ್ಮ ಬಾವ್ಯಾಗೂ ಇಲ್ಲ, ಯಾರ ಬಾವ್ಯಾಗೂ ಇಲ್ಲ. ನನಗೇನಿಲ್ಲ, ಇಕಿ ಅಂಜತಾಳ.”

ಮತ್ತೆ ನಗು. “ಹೇಣ್ತಿ ಅಂಜಿದ್ರ ಏನ ಮಾಡಾಕ ಬರತೈತಿ,” ಎಂದು ಸೋಮನಿಂಗಪ್ಪನೂ ತಲೆಯಾಡಿಸಿದ. ಶಿವಪುತ್ರ ತಲೆ ಬಗ್ಗಿಸಿ ಚಹಾ ಕುಡಿದ.

ಸಂಜೆ ಇವರು ಹೊಟ್ಟೆ ತುಂಬ ಉಂಡರು, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಮುಂದಿನ ವಾರ ಡಫಳಾಪುರದಲ್ಲಿ ಒಂದು ಬಾವಿ ಇದೆಯಂತೆ. ಅದರಲ್ಲೂ ಎಳೆ ಇದೆಯೇ ಎಂದು ಕೇಳಿದೆ. ಇದೆ ಎಂದರು. “ಹಂಗಾರ ನನಗ ಅಂಜಿಕಿ,” ಅಂದೆ. “ಹೇಳತೀನಿ ಅವರಿಗೆ,” ಎಂದರು. ಇನ್ನು ಮೇಲೆ ನಮ್ಮ ಜತ್ತ ತಾಲೂಕಿನ ಎಲ್ಲ ಬಾವಿಗೂ ನಾನೇ ಅಂಜುತ್ತೇನೆ. ಅದೇನು ನನಗೆ ಕಷ್ಟದ ಕೆಲಸವಲ್ಲ.